ಒಲೆ ಹಚ್ಚದೆ ಹಣ್ಣಿನ ಪದರ ಸಿಹಿ

ಬೇಸಿಗೆ ಬಂತೆಂದರೆ ಯಾರಿಗೆ ತಾನೆ ಖುಷಿ ಇಲ್ಲ? ಊರಜಾತ್ರೆ, ಮದುವೆ, ನಾಮಕರಣ ಎಲ್ಲವೂ ಆಗಲೇ. ನಮ್ಮ ಮನೆಗೆ ಮಾಲೂರಿನಿಂದ ದೊಡ್ಡಮ್ಮ, ಮುಳಬಾಗಿಲಿನಿಂದ ಅತ್ತೆ, ಕೋಲಾರದಿಂದ ಚಿಕ್ಕಪ್ಪ, ಅವರ ಮಕ್ಕಳು ಎಲ್ಲರೂ ಬರುತ್ತಾರೆ. ನಮಗೆ ಆಟವೋ ಆಟ. ಆದರೆ ಅಮ್ಮನಿಗೆ? ಹೊರಗೆ ಬಿಸಿಲು, ಒಳಗೆ ಒಲೆ. ಹೋಳಿಗೆ ಬೇಯಿಸಿ ಮುಗಿಸುವ ಹೊತ್ತಿಗೆ ಅಮ್ಮನ ಸೆರಗು ಹಿಂಡಿದರೆ ನೀರು ಬರುತ್ತದೆ!

ಅದಕ್ಕೇ ಒಲೆ ಹಚ್ಚದೆ, ನಾವು ಮಕ್ಕಳೇ ಸೇರಿ ಮಾಡಬಹುದಾದ ಒಂದು ಸಿಹಿಯನ್ನು ಇಲ್ಲಿ ಬರೆದಿದ್ದೇನೆ. ಇದನ್ನು ಕಲಿತದ್ದು ಒಂದು ಸಲ ಕೆಡಿಸಿದ ಮೇಲೆ. ಮೊದಲು ಆ ಕಥೆ ಕೇಳಿ.

ನಾವು ಕೆಡಿಸಿದ್ದು

2025ರ ಮೇ ತಿಂಗಳು. ಅಂದು ಅಮ್ಮ ಡೇರಿಗೆ ಹಾಕದೆ 4 ಲೀಟರ್ ಹಾಲು ಉಳಿಸಿದ್ದರು. ನಾನು, ದೊಡ್ಡಮ್ಮನ ಮಗ ಸೇರಿ ಬೆಳಿಗ್ಗೆ 9 ಗಂಟೆಗೆ ಆರಿದ ಹಾಲಿಗೆ ಸಕ್ಕರೆ, ಬಾಳೆ, ದ್ರಾಕ್ಷಿ, ಅನಾನಸ್ ಎಲ್ಲ ಹೆಚ್ಚಿ ಹಾಕಿದೆವು. ಮೇಲೆ ಬಿಸ್ಕತ್ತು ಪುಡಿ. ನೋಡಲು ಬಹಳ ಚೆನ್ನಾಗಿತ್ತು. ಊಟ ತಡವಾಯ್ತು. ಮಧ್ಯಾಹ್ನ 3ಕ್ಕೆ ಮುಚ್ಚಳ ತೆಗೆದರೆ ಹಾಲು ಒಡೆದು ನೀರು ಬೇರೆ, ಗಸಿ ಬೇರೆ. ಬಾಯಿಗೆ ಇಟ್ಟರೆ ಕಹಿ! ನನ್ನ ತಮ್ಮ ಮಾತ್ರ ಯಾರೂ ನೋಡದಾಗ ಒಂದು ಲೋಟ ಕುಡಿದುಬಿಟ್ಟಿದ್ದ. ರಾತ್ರಿಯೆಲ್ಲ ವಾಂತಿ, ಭೇದಿ. ಓಆರ್‌ಎಸ್ ನೀರು ಕುಡಿಸುತ್ತಾ ಅಮ್ಮ ನಿದ್ದೆ ಮಾಡಲಿಲ್ಲ. ನನಗೆ ಒಂದು ಮಾತೂ ಬೈಯಲಿಲ್ಲ. ಬೈದಿದ್ದರೇ ಚೆನ್ನಾಗಿತ್ತು ಅನ್ನಿಸಿತು.

ಶಾಲೆ ತೆರೆದ ಮೇಲೆ ನಮ್ಮ ವಿಜ್ಞಾನದ ಮೇಡಂ ಹತ್ತಿರ ಕೇಳಿದೆ. ಅವರು ಹೇಳಿದ ಒಂದು ಮಾತು ಈ ಲೇಖನದ ತಿರುಳು: "ಬೆಂಕಿ ಬರೀ ಬೇಯಿಸೋದಿಲ್ಲ ಕಣಮ್ಮ, ಕ್ರಿಮಿಗಳನ್ನೂ ಕೊಲ್ಲುತ್ತೆ. ಒಲೆ ಬೇಡ ಅಂದ್ಮೇಲೆ ಆ ಕೆಲಸ ಬೇರೆ ಯಾರಾದ್ರೂ ಮಾಡ್ಬೇಕಲ್ಲ?"

ಯಾರು ಮಾಡುತ್ತಾರೆ? ಶುಭ್ರವಾದ ಕೈ, ಶುದ್ಧವಾದ ನೀರು ಮತ್ತು ಗಡಿಯಾರ. ಒಲೆ ಇಲ್ಲದ ಅಡುಗೆಗೆ ಈ ಮೂರೇ ಕಾವಲು.

ಹಾಲು ಏಕೆ ಒಡೆಯಿತು? ಕಹಿ ಏಕೆ ಆಯಿತು?

ಹಾಲಿಗೆ ಹುಳಿ ಬಿದ್ದರೆ ಅದರಲ್ಲಿರುವ ಪ್ರೋಟೀನು ಗಂಟು ಕಟ್ಟುತ್ತದೆ. ನಿಂಬೆರಸ ಹಿಂಡಿದರೆ ಹಾಲು ಒಡೆಯುವುದನ್ನು ನೀವೆಲ್ಲ ನೋಡಿದ್ದೀರಿ. ದ್ರಾಕ್ಷಿ, ಅನಾನಸ್‌ಗಳ ಹುಳಿಯೂ ಅದೇ ಕೆಲಸ ಮಾಡಿತು.

ಕಹಿಗೆ ಬೇರೆ ಕಾರಣ. ಹಸಿ ಅನಾನಸ್‌ನಲ್ಲಿ ಬ್ರೊಮೆಲೈನ್ ಎಂಬ ಕಿಣ್ವವಿದೆ. ಅದು ಹಾಲಿನ ಪ್ರೋಟೀನನ್ನು ಚೂರು ಚೂರಾಗಿ ಕತ್ತರಿಸುತ್ತದೆ. ಆ ಚೂರುಗಳಲ್ಲಿ ಕೆಲವು ನಾಲಗೆಗೆ ಕಹಿ. ಪರಂಗಿಯಲ್ಲಿ ಪಪೈನ್ ಎಂಬ ಇಂಥದೇ ಕಿಣ್ವವಿದೆ, ಕಾಯಿಯಲ್ಲಿ ಹೆಚ್ಚು. ಅನಾನಸ್ಸನ್ನು ಚೆನ್ನಾಗಿ ಬೇಯಿಸಿದರೆ ಕಿಣ್ವ ಸಾಯುತ್ತದೆ. ನಮ್ಮದು ಒಲೆ ಇಲ್ಲದ ಅಡುಗೆ, ಆದ್ದರಿಂದ ಅನಾನಸ್, ಪರಂಗಿ ಇವೆರಡನ್ನೂ ಹಾಲು ಮೊಸರಿನ ಜೊತೆ ಸೇರಿಸುವುದು ಬೇಡ. ಹಾಗೇ ತಿಂದರೆ ಅವೂ ರುಚಿಯೇ.

ಹಾಗಾದರೆ ಹಾಲಿನ ಬದಲು ಏನು? ಮೊಸರು! ಮೊಸರು ಆಗಲೇ ಹುಳಿಯಿಂದ ಹೆಪ್ಪುಗಟ್ಟಿದ್ದು. ಮಾವು, ದ್ರಾಕ್ಷಿಯ ಹುಳಿ ಸೇರಿದರೆ ಅದು ಹಾಲಿನಂತೆ ಒಡೆಯುವ ಭಯವಿಲ್ಲ.

ಯಾವ ಮಾವು ಯಾವುದಕ್ಕೆ?

ನಮ್ಮ ಶ್ರೀನಿವಾಸಪುರ ತಾಲ್ಲೂಕು ಮಾವಿನ ತವರು ಎಂದು ಎಲ್ಲರಿಗೂ ಗೊತ್ತು. ಆದರೆ ಎಲ್ಲ ಮಾವೂ ಎಲ್ಲದಕ್ಕೂ ಆಗುವುದಿಲ್ಲ.

ರಸಪುರಿ: ಹೆಸರೇ ಹೇಳುವಂತೆ ರಸ ಜಾಸ್ತಿ. ಹಿಂಡಿ ಸೀಕರಣೆ ಮಾಡಲು ಒಳ್ಳೆಯದು. ಪದರಕ್ಕೆ ಹಾಕಿದರೆ ಎಲ್ಲ ನೀರಾಗುತ್ತದೆ.

ಬಾದಾಮಿ: ಸಿಹಿ, ಪರಿಮಳ ಎರಡೂ ಇದೆ. ಮೃದು. ಮೇಲಿನ ಪದರಕ್ಕೆ ಚೆನ್ನ.

ಬೇನಿಶಾ: ನಾರು ಕಡಿಮೆ. ಹೋಳು ಚೆನ್ನಾಗಿ ಬರುತ್ತದೆ.

ತೋತಾಪುರಿ: ಉದ್ದ, ಗಿಣಿಮೂತಿ. ಹಣ್ಣಾದರೂ ಗಟ್ಟಿ. ಹೋಳು ಮಾಡಿ ಇಟ್ಟರೆ ಆಕಾರ ಕೆಡುವುದಿಲ್ಲ. ಪದರ ಸಿಹಿಗೆ ಇದೇ ರಾಜ!

ತೋತಾಪುರಿ ಬಗ್ಗೆ ಇನ್ನೊಂದು ಮಾತು. ಈ ಹಣ್ಣು ಹೆಚ್ಚಾಗಿ ತಿರುಳು ತೆಗೆಯುವ ಕಾರ್ಖಾನೆಗಳಿಗೆ ಹೋಗುತ್ತದೆ. ಅಂಥ ಕಾರ್ಖಾನೆಗಳು ಪಕ್ಕದ ಆಂಧ್ರದ ಚಿತ್ತೂರು ಜಿಲ್ಲೆಯಲ್ಲಿ ಬಹಳ. 2025ರ ಜೂನ್‌ನಲ್ಲಿ ಆ ಜಿಲ್ಲೆಯವರು ಹೊರರಾಜ್ಯದ ತೋತಾಪುರಿ ಒಳಗೆ ಬರಬಾರದೆಂದು ಆದೇಶ ಮಾಡಿದರು. ನಮ್ಮಲ್ಲಿ ಬೆಲೆ ಬಿದ್ದುಹೋಯಿತು. ಶ್ರೀನಿವಾಸಪುರದಲ್ಲಿ ರೈತರು ಪ್ರತಿಭಟನೆ ಮಾಡಿದರು. ನಮ್ಮ ತಾತ ಕೂಡ ತೋಟದ ಹಣ್ಣು ಕೊಯ್ದರೆ ಕೂಲಿಯೂ ಹುಟ್ಟಲ್ಲ ಎಂದು ಸುಮ್ಮನೆ ಕೂತರು. ಮರದ ಕೆಳಗೆ ರಾಶಿ ರಾಶಿ ಹಣ್ಣು ಉದುರಿ ಕೊಳೆಯುತ್ತಿತ್ತು. ನಾಲ್ಕು ಲೋಟ ಸಿಹಿ ಮಾಡಿದರೆ ರೈತರ ಕಷ್ಟ ತೀರುವುದಿಲ್ಲ, ಅದು ನನಗೂ ಗೊತ್ತು. ಆದರೂ ಕಣ್ಣೆದುರು ಕೊಳೆಯುವ ಹಣ್ಣು ಬಿಟ್ಟು ಅಂಗಡಿಯ ಬಣ್ಣದ ಐಸ್ ತಿನ್ನಲು ಮನಸ್ಸು ಬರಲಿಲ್ಲ.

ಆ ತಿಂಗಳ ಕೊನೆಗೆ ಅಕ್ಕನ ಮಗುವಿನ ನಾಮಕರಣ. ಅದೇ ನೆಂಟರು ಮತ್ತೆ ಬಂದರು. ನಾನು ಎರಡನೇ ಸಲ ಧೈರ್ಯ ಮಾಡಿದೆ. ಅಂದು ಮಾಡಿದ ವಿಧಾನ ಹೀಗಿದೆ.

ಬೇಕಾಗುವ ಸಾಮಾನು (10 ಜನಕ್ಕೆ)

ಗಟ್ಟಿ ಮೊಸರು: 2 ಲೀಟರ್
ಹುರಿಗಡಲೆ: ಕಾಲು ಕೆಜಿ
ತುರಿದ ಬೆಲ್ಲ: 150 ಗ್ರಾಂ
ಸಕ್ಕರೆ ಪುಡಿ: 100 ಗ್ರಾಂ
ತೆಂಗಿನಕಾಯಿ: ಅರ್ಧ ಹೋಳು
ಮಾವಿನಹಣ್ಣು: ಒಂದೂವರೆ ಕೆಜಿ
ಬಾಳೆಹಣ್ಣು: 4
ನಿಂಬೆಹಣ್ಣು: 1
ಏಲಕ್ಕಿ: 5
ಬಿಡಿಸಿದ ದಾಳಿಂಬೆ: ಇದ್ದರೆ ಒಂದು ಹಿಡಿ

ಮೊಸರು ಮಾತ್ರ ಚೆನ್ನಾಗಿ ಕಾಯಿಸಿ ಆರಿಸಿದ ಹಾಲಿಗೆ ಹೆಪ್ಪು ಹಾಕಿದ್ದೇ ಆಗಿರಬೇಕು. ಅಂದರೆ ಒಲೆಯ ಕೆಲಸ ಹಿಂದಿನ ದಿನವೇ ಮುಗಿದಿರುತ್ತದೆ.

ಮಾಡುವ ವಿಧಾನ

1. ಬೆಳಿಗ್ಗೆ ತಂಪು ಹೊತ್ತಿನಲ್ಲೇ ಮೊಸರನ್ನು ಒಗೆದು ಒಣಗಿಸಿದ ತೆಳು ಪಂಚೆಯ ತುಂಡಿನಲ್ಲಿ ಗಂಟು ಕಟ್ಟಿ, ನೆರಳಿನಲ್ಲಿ ನೇತು ಹಾಕಿ. ಕೆಳಗೆ ಪಾತ್ರೆ ಇಡಿ. ಸುಮಾರು 3 ಗಂಟೆಯಲ್ಲಿ ನೀರು ಇಳಿದು ಬೆಣ್ಣೆಯಂತೆ ಗಟ್ಟಿಯಾಗುತ್ತದೆ. ಬಹಳ ಹೊತ್ತು ಬಿಟ್ಟರೆ ಹುಳಿಯಾಗುತ್ತದೆ. ಇಳಿದ ನೀರು ಚೆಲ್ಲಬೇಡಿ, ಉಪ್ಪು ಹಾಕಿ ಮಜ್ಜಿಗೆಗೆ ಬೆರೆಸಿ.

2. ಮಾವಿನಹಣ್ಣನ್ನು ತೊಳೆದು ಅರ್ಧ ಗಂಟೆ ನೀರಿನಲ್ಲಿ ನೆನೆಯಲು ಬಿಡಿ. ತೊಟ್ಟಿನ ಸೊನೆ ಹೋಗುತ್ತದೆ. ಸೊನೆ ಉಳಿದರೆ ತುಟಿ ಸುಡುತ್ತದೆ, ಹುಷಾರ್!

3. ಹುರಿಗಡಲೆಯನ್ನು ತರಿತರಿಯಾಗಿ ಪುಡಿ ಮಾಡಿ ಬೆಲ್ಲ ಬೆರೆಸಿ. ಬೆಲ್ಲದಲ್ಲಿ ಕಲ್ಲು, ಕಸ ಇದೆಯೇ ನೋಡಿ. ಇದು ತಳದ ಪದರ. ಪಟ್ಟಣದಲ್ಲಿ ಇದಕ್ಕೆ ಬಿಸ್ಕತ್ತು ಪುಡಿ ಹಾಕುತ್ತಾರೆ. ಹುರಿಗಡಲೆ ಅಂಗಡಿಯಿಂದ ಬರುವಾಗಲೇ ಹುರಿದಿರುತ್ತದೆ, ಮೇಲಾಗಿ ಪ್ರೋಟೀನು ಜಾಸ್ತಿ.

4. ಗಟ್ಟಿ ಮೊಸರಿಗೆ ಸಕ್ಕರೆ ಪುಡಿ, ಏಲಕ್ಕಿ ಪುಡಿ ಹಾಕಿ ಮರದ ಸೌಟಿನಿಂದ ನುಣ್ಣಗೆ ಕಲಸಿ.

5. ಎಲೆ ಹಾಕಲು ಅರ್ಧ ಗಂಟೆ ಇದೆ ಎನ್ನುವಾಗ ಹಣ್ಣು ಹೆಚ್ಚಿ. ಬಾಳೆಹಣ್ಣಿಗೆ ತಕ್ಷಣ ಒಂದೆರಡು ಹನಿ ನಿಂಬೆರಸ ಸವರಿ. ಇಲ್ಲದಿದ್ದರೆ ಗಾಳಿ ತಗುಲಿ ಕಪ್ಪಾಗುತ್ತದೆ. ಈರುಳ್ಳಿ, ಮಾಂಸ ಹೆಚ್ಚಿದ ಈಳಿಗೆಮಣೆ, ಚಾಕು ಬೇಡವೇ ಬೇಡ. ಕಾಯಿಯನ್ನೂ ಈಗಲೇ ತುರಿಯಿರಿ. ಹಸಿ ಕಾಯಿತುರಿ ಸೆಕೆಗೆ ಬೇಗ ಕೆಡುತ್ತದೆ.

6. ಲೋಟದ ತಳಕ್ಕೆ ಎರಡು ಚಮಚ ಹುರಿಗಡಲೆ ಪುಡಿ. ಅದರ ಮೇಲೆ ಮೊಸರು. ಅದರ ಮೇಲೆ ತೋತಾಪುರಿ ಹೋಳು, ಬಾಳೆ. ಮತ್ತೆ ಪುಡಿ, ಮೊಸರು. ಕೊನೆಗೆ ಬಾದಾಮಿ ಮಾವು, ಕಾಯಿತುರಿ, ದಾಳಿಂಬೆ.

ತಳಕ್ಕೆ ಪುಡಿಯೇ ಏಕೆ? ಹಣ್ಣಿನ ರಸ, ಮೊಸರಿನ ನೀರು ಕೆಳಗಿಳಿಯುತ್ತದೆ. ಒಣ ಪುಡಿ ಅದನ್ನು ಹೀರಿಕೊಂಡು ಮೆತ್ತಗೆ, ಉಂಡೆಯ ಹಾಗೆ ಆಗುತ್ತದೆ. ಬಹಳ ಮುಂಚೆ ಜೋಡಿಸಿಟ್ಟರೆ ಅಂಟಂಟಾಗಿ ಗೊಜ್ಜಿನಂತಾಗುತ್ತದೆ. ಆದ್ದರಿಂದ ಎಲ್ಲ ಬೇರೆ ಬೇರೆ ಇಟ್ಟುಕೊಂಡು ಕೊನೆಗೆ ಜೋಡಿಸಿ. ಗಾಜಿನ ಲೋಟ ಇದ್ದರೆ ಪದರ ಕಾಣುತ್ತದೆ. ಸ್ಟೀಲ್ ಲೋಟದಲ್ಲಿ ಕಾಣುವುದಿಲ್ಲ, ಆದರೆ ಚಮಚ ಇಳಿಸಿದರೆ ನಾಲಗೆಗೆ ಗೊತ್ತಾಗುತ್ತದೆ!

ಮೂರು ಕಾವಲು

ಕೈ: ಸೋಪು ಹಾಕಿ, ಉಗುರಿನ ಸಂದಿಯನ್ನೂ ಸೇರಿಸಿ, 20 ಎಣಿಸುವವರೆಗೆ ಉಜ್ಜಿ ತೊಳೆಯಿರಿ. ಕೈಗೆ ಗಾಯವಾದವರು, ಭೇದಿ ಆಗುತ್ತಿರುವವರು ಹಣ್ಣು, ಲೋಟ ಯಾವುದನ್ನೂ ಮುಟ್ಟಬೇಡಿ.

ನೀರು: ನಮ್ಮ ಜಿಲ್ಲೆಯಲ್ಲಿ ವರ್ಷವಿಡೀ ಹರಿಯುವ ನದಿ ಇಲ್ಲ. ಸಾವಿರ ಅಡಿ ದಾಟಿದ ಬೋರ್‌ವೆಲ್ ನೀರೇ ಬಹಳ ಊರಿಗೆ ಗತಿ. ತೊಟ್ಟಿಯಲ್ಲಿ ನಿಂತ ನೀರಿನಲ್ಲಿ ಹಣ್ಣು ತೊಳೆದರೆ ತೊಳೆದೂ ಉಪಯೋಗವಿಲ್ಲ. ಕೊನೆಯ ಸಲ ತೊಳೆಯಲು ಶುದ್ಧ ನೀರಿನ ಘಟಕದ ನೀರನ್ನೇ ಬಳಸಿ. ತೊಳೆಯುವುದು ಹೆಚ್ಚುವ ಮೊದಲೇ, ಹೆಚ್ಚಿದ ಮೇಲಲ್ಲ. ಹೆಚ್ಚಿದ ಹಣ್ಣು ಕೊಳೆ ನೀರನ್ನು ಒಳಗೆ ಎಳೆದುಕೊಳ್ಳುತ್ತದೆ.

ಗಡಿಯಾರ: ಇದೇ ನಾವು ಮರೆತದ್ದು. ಬೆಚ್ಚಗಿನ ಜಾಗ, ತಿನ್ನಲು ಸಿಹಿ ಸಿಕ್ಕರೆ ಕೆಲವು ಬ್ಯಾಕ್ಟೀರಿಯಾ ಸುಮಾರು 20 ನಿಮಿಷಕ್ಕೊಮ್ಮೆ ಎರಡರಷ್ಟಾಗುತ್ತವೆ. ಲೆಕ್ಕ ಹಾಕಿ ನೋಡಿ. 1 ಇದ್ದದ್ದು ಒಂದು ಗಂಟೆಗೆ 8. ಎರಡು ಗಂಟೆಗೆ 64. ನಾಲ್ಕು ಗಂಟೆಗೆ 4096! ನಮ್ಮ ಹಾಲು 6 ಗಂಟೆ ಕೂತಿತ್ತು. 6 ಗಂಟೆಗೆ ಎಷ್ಟು ಎಂದು ನೀವೇ ಕಂಡುಹಿಡಿಯಿರಿ. (ಗಣಿತದ ಮೇಷ್ಟ್ರು ಉತ್ತರ ನೋಡುತ್ತಾರೆ.) ಹೆಚ್ಚಿದ ಹಣ್ಣು, ಹಾಲು, ಮೊಸರಿನ ಸಿಹಿ ಹೊರಗೆ 2 ಗಂಟೆಗಿಂತ ಹೆಚ್ಚು ಇರಬಾರದು. ಬಿಸಿಲು 32 ಡಿಗ್ರಿ ದಾಟಿದ ದಿನ ಒಂದೇ ಗಂಟೆ. ಉಳಿದರೆ ನಾಳೆಗೆ ಎಂದು ಮುಚ್ಚಿಡಬೇಡಿ. ಲೆಕ್ಕ ಹಾಕಿ ಸ್ವಲ್ಪವೇ ಮಾಡಿ.

ಫ್ರಿಜ್ ಇಲ್ಲದಿದ್ದರೆ?

ಅಗಲವಾದ ಮಣ್ಣಿನ ಪಾತ್ರೆಗೆ ಮರಳು ಹಾಕಿ ನೀರು ಹಾಕಿ ನೆನೆಸಿ. ಅದರೊಳಗೆ ಮೊಸರಿನ ಪಾತ್ರೆ ಕೂರಿಸಿ ಮೇಲೆ ಒದ್ದೆ ಬಟ್ಟೆ ಮುಚ್ಚಿ, ಗಾಳಿಯಾಡುವ ನೆರಳಲ್ಲಿ ಇಡಿ. ನೀರು ಆವಿಯಾಗುವಾಗ ಪಾತ್ರೆಯ ಬಿಸಿಯನ್ನು ತೆಗೆದುಕೊಂಡು ಹೋಗುತ್ತದೆ. ಮಡಕೆ ನೀರು ತಣ್ಣಗಿರುವ ಗುಟ್ಟೂ ಇದೇ. ಆದರೆ ಇದು ಫ್ರಿಜ್‌ಗೆ ಸಮವಲ್ಲ, ಗಡಿಯಾರದ ನಿಯಮ ಬಿಡುವಂತಿಲ್ಲ.

ಹಣ್ಣು ಮಾಗಿಸುವ ಬಗ್ಗೆ

ಕ್ಯಾಲ್ಸಿಯಂ ಕಾರ್ಬೈಡ್ ಪುಡಿ ಇಟ್ಟು ಹಣ್ಣು ಮಾಗಿಸುವುದು ಕಾನೂನಿನ ಪ್ರಕಾರ ನಿಷೇಧ. ಅದರಲ್ಲಿ ಆರ್ಸೆನಿಕ್, ರಂಜಕದ ವಿಷದ ಅಂಶ ಇರಬಹುದು. ನಮ್ಮಜ್ಜಿ ಬಲಿತ ಕಾಯಿಯನ್ನು ಒಣಹುಲ್ಲಿನಲ್ಲಿ ಅಡೆ ಹಾಕುತ್ತಾರೆ. ಕಾಯಿ ತಾನೇ ಎಥಿಲೀನ್ ಎಂಬ ಅನಿಲ ಬಿಡುತ್ತದೆ, ಹುಲ್ಲು ಅದನ್ನು ಹೊರಗೆ ಹೋಗಲು ಬಿಡುವುದಿಲ್ಲ. ಸುಮಾರು ಒಂದು ವಾರದಲ್ಲಿ ಮನೆಯೆಲ್ಲ ಘಮಘಮ. ಹಬ್ಬಕ್ಕೆ ಹಣ್ಣು ಬೇಕಾದರೆ ಒಂದು ವಾರ ಮೊದಲೇ ನೆನಪಿಡಿ.

ಆ ದಿನ ಏನಾಯಿತು?

ನಾಮಕರಣದ ದಿನ ದೊಡ್ಡಮ್ಮನ ಮಗ ಹಣ್ಣು ಹೆಚ್ಚಿದ, ಚಿಕ್ಕಪ್ಪ ಕಾಯಿ ತುರಿದರು. "ಗಂಡುಮಕ್ಕಳ ಕೈಲಿ ಅಡುಗೆಯಾ!" ಎಂದು ತಾತ ನಕ್ಕರು, ಆಮೇಲೆ ತಾವೇ ಮಾವಿನ ಸಿಪ್ಪೆ ತೆಗೆಯಲು ಕೂತರು. ಗಡಿಯಾರ ನೋಡುವ ಕೆಲಸ ತಮ್ಮನಿಗೆ ಕೊಟ್ಟೆವು. ಅವನಷ್ಟು ಕಟ್ಟುನಿಟ್ಟಾಗಿ ಯಾರೂ ನೋಡುತ್ತಿರಲಿಲ್ಲ! ಅಮ್ಮ ಅಂದು ಎಲ್ಲರ ಜೊತೆ ಪಂಕ್ತಿಯಲ್ಲಿ ಕೂತು ಉಂಡರು. ಮುಳಬಾಗಿಲಿನ ಅತ್ತೆ ಲೋಟ ಖಾಲಿ ಮಾಡಿ, "ದೋಸೆ ಅಂದ್ರೆ ಕಾವಲಿ ಮುಂದೆ ಬೇಯ್ಬೇಕು. ಇದು ಎಷ್ಟು ಸಲೀಸಾಗೈತೆ ನೋಡಮ್ಮಿ" ಅಂದರು. ರಾತ್ರಿ ಯಾರಿಗೂ ಹೊಟ್ಟೆ ನೋಯಲಿಲ್ಲ. ನನಗೆ ಅದೇ ದೊಡ್ಡ ಬಹುಮಾನ.

ನೀವೂ ಮಾಡಿ ನೋಡಿ. ಮಾವು ಇಲ್ಲದ ಕಾಲಕ್ಕೆ ಸಪೋಟ, ಸೀಬೆ, ಕರಬೂಜ ಹಾಕಬಹುದು. ಕರಬೂಜದಲ್ಲಿ ನೀರು ಜಾಸ್ತಿ, ತಳದ ಪುಡಿ ಒಂದು ಚಮಚ ಹೆಚ್ಚು ಹಾಕಿ. ನಿಮ್ಮ ಮನೆಯಲ್ಲಿ ಬೇರೆ ವಿಧಾನ ಇದ್ದರೆ ಬರೆದು ಕೊಡಿ, ಮುಂದಿನ ಸಂಚಿಕೆಯಲ್ಲಿ ಅಂಟಿಸೋಣ.

ನೆನಪಿಡಿ: ಒಲೆ ಇಲ್ಲದಿದ್ದರೆ ಕೈ, ನೀರು, ಗಡಿಯಾರವೇ ಬೆಂಕಿ!

9ನೇ ತರಗತಿ ವಿದ್ಯಾರ್ಥಿನಿ