ಕೆಸರು ಕೇಳುವ ಬಂಡಿ

ಹುಳುಗಳು ಗೂಡು ಕಟ್ಟುವ ಚಂದ್ರಿಕೆಯಿಂದ ಬಿಡಿಸಿದ ರೇಷ್ಮೆಗೂಡು ಬಹುದಿನ ಕಾಯುವ ಪದಾರ್ಥವಲ್ಲ. ಒಳಗಿನ ಜೀವ ಚಿಟ್ಟೆಯಾಗಿ ಗೂಡನ್ನು ಭೇದಿಸಿ ಹೊರಬರುವುದಕ್ಕೆ ಮುನ್ನವೇ ಅದು ಶಿಡ್ಲಘಟ್ಟದ ಮಾರುಕಟ್ಟೆಯನ್ನು ಮುಟ್ಟಿ, ಹರಾಜಾಗಿ, ನೂಲು ಬಿಚ್ಚುವವರ ಬಿಸಿನೀರಿಗೆ ಇಳಿಯಬೇಕು. ಹೀಗಿರುವಲ್ಲಿ, ಹಿಂಗಾರಿನ ಒಂದು ರಾತ್ರಿಯ ಮಳೆಗೆ ಊರಿನ ಬಂಡಿಜಾಡು ಕರಗಿ, ಗೂಡು ತುಂಬಿದ ವಾಹನವು ಗುಂಬದವರೆಗೆ ಹೂತು ನಿಂತಿತೆಂದರೆ, ಒಂದು ಬೆಳೆಯ ದುಡಿಮೆಯೇ ಕೆಸರಿನಲ್ಲಿ ನಿಂತಂತೆ. ಚಿಂತಾಮಣಿಯ ಟೊಮ್ಯಾಟೊ, ಚಿಕ್ಕಬಳ್ಳಾಪುರದ ಹೂವು ಮತ್ತು ದ್ರಾಕ್ಷಿ, ಗೌರಿಬಿದನೂರಿನ ಮುಸುಕಿನಜೋಳ ಇವೆಲ್ಲಕ್ಕೂ ಡಾಂಬರು ರಸ್ತೆಯನ್ನು ಸೇರುವ ಮೊದಲಿನ ದಾರಿಯೇ ಪರೀಕ್ಷೆಯ ದಾರಿ. ಆ ದಾರಿಗೆ ತಕ್ಕ ವಾಹನವನ್ನು ಆರಿಸುವುದು ಒಂದು ವಿದ್ಯೆಯೆಂಬುದು ನನ್ನ ದೃಢವಾದ ಅಭಿಪ್ರಾಯ. ಅದರ ಮೊದಲ ಪಾಠವಿರುವುದು ಯಂತ್ರದಲ್ಲಲ್ಲ, ಮಣ್ಣಿನಲ್ಲಿ.

ನಮ್ಮ ಪೂರ್ವಿಕರಿಗೆ ಈ ವಿದ್ಯೆ ಅಪರಿಚಿತವಾಗಿರಲಿಲ್ಲ. ಎತ್ತಿನ ಬಂಡಿಯ ಚಕ್ರವು ಎದೆಯೆತ್ತರಕ್ಕೆ ಬೆಳೆದದ್ದು ಅಲಂಕಾರಕ್ಕಾಗಿ ಅಲ್ಲ. ದೊಡ್ಡ ಚಕ್ರವು ಗುಂಡಿಯನ್ನು ಸುಲಭವಾಗಿ ಹತ್ತಿಳಿಯುತ್ತದೆ, ಕಿರಿದಾದ ಕಬ್ಬಿಣದ ಪಟ್ಟಿಯು ಮೇಲಣ ಕೆಸರನ್ನು ಕೊಯ್ದು ಕೆಳಗಿನ ಗಟ್ಟಿ ನೆಲವನ್ನು ಹಿಡಿಯುತ್ತದೆ. ಅನಂತರ ಯಂತ್ರಯುಗ ಬಂದಿತು. 1947ರಲ್ಲಿ ಮಹೀಂದ್ರ ಸಂಸ್ಥೆಯು ವಿಲ್ಲಿಸ್ ಜೀಪುಗಳನ್ನು ಈ ದೇಶದಲ್ಲಿ ಜೋಡಿಸತೊಡಗಿದಾಗ, ನಾಲ್ಕು ಚಕ್ರಗಳೂ ತಿರುಗಿ ಎಳೆಯುವ ವಾಹನ ನಮ್ಮ ಕಣ್ಣಿಗೆ ಬಿದ್ದಿತು. 1986ರಲ್ಲಿ ಟಾಟಾ 407 ಎಂಬ ಲಾರಿ ಬಂದಿತು. 2005ರಲ್ಲಿ ಟಾಟಾ ಏಸ್ ಬಂದು ಸಣ್ಣ ರೈತನ ಮನೆಬಾಗಿಲಿಗೂ ಲಾರಿಯನ್ನು ತಂದಿತು.

ಇನ್ನು ಮಣ್ಣಿನ ಮಾತು. ಈ ಸೀಮೆಯ ಬಹುಭಾಗ ಕೆಮ್ಮಣ್ಣು. ಜಲ್ಲಿ, ಮರಳು ಬೆರೆತ ಆ ಮಣ್ಣು ನೀರನ್ನು ಬೇಗನೆ ಇಳಿಸಿಕೊಳ್ಳುತ್ತದೆ, ಕೆಸರು ಕೆಲವು ಅಂಗುಲಗಳಷ್ಟೇ ಆಳ, ಅದರ ಕೆಳಗೆ ನೆಲ ಗಟ್ಟಿ. ಕೆರೆಯಂಗಳದ ಗೋಡು, ಅಚ್ಚುಕಟ್ಟಿನ ಕಪ್ಪು ಜೇಡಿ, ಇವುಗಳ ಸ್ವಭಾವವೇ ಬೇರೆ: ನೀರು ಕುಡಿದು ಉಬ್ಬಿ, ಟೈರಿನ ಗೀರುಗಳೊಳಗೆ ತುಂಬಿಕೊಂಡು, ಹೊಸ ಟೈರನ್ನೂ ಕ್ಷಣಮಾತ್ರದಲ್ಲಿ ಉರುಳುಗಲ್ಲಿನಂತೆ ನುಣ್ಣಗಾಗಿಸುತ್ತವೆ. ಬಹುಕಾಲ ಒಣಗಿದ್ದ ಕೆರೆಗಳ ಅಂಗಳದಲ್ಲಿ ಅಡ್ಡದಾರಿ ಮಾಡಿಕೊಂಡಿದ್ದವರಿಗೆ, ಬೆಂಗಳೂರಿನ ಹೆಬ್ಬಾಳ-ನಾಗವಾರ ಕಣಿವೆಯ ಶುದ್ಧೀಕರಿಸಿದ ನೀರು ಬಂದ ಮೇಲೆಯೂ, 2021ರ ನವೆಂಬರಿನ ಮಳೆಗೆ ಕೆರೆಗಳು ಕೋಡಿ ಬಿದ್ದ ಮೇಲೆಯೂ, ಈ ಭೇದವನ್ನು ಹೊಸದಾಗಿ ಕಲಿಯಬೇಕಾಯಿತು.

ಮಣ್ಣನ್ನು ಅರಿತ ಮೇಲೆ ಯಂತ್ರದ ಮಾತು. ಸಾಮಾನ್ಯ ಪಿಕಪ್ ವಾಹನದಲ್ಲಿ ಇಂಜಿನ್ನಿನ ಬಲವು ಹಿಂದಿನ ಎರಡು ಚಕ್ರಗಳಿಗೆ ಮಾತ್ರ ಹೋಗುತ್ತದೆ. ಆ ಎರಡರ ನಡುವೆ ಇರುವ ಡಿಫರೆನ್ಷಿಯಲ್ ಎಂಬ ಅಂಗವು ತಿರುವಿನಲ್ಲಿ ಒಳಚಕ್ರವನ್ನು ನಿಧಾನವಾಗಿಯೂ ಹೊರಚಕ್ರವನ್ನು ವೇಗವಾಗಿಯೂ ತಿರುಗಲು ಬಿಡುವ ಉಪಕಾರಿಯಾದರೂ, ಕೆಸರಿನಲ್ಲಿ ಅದೇ ಶತ್ರುವಾಗುತ್ತದೆ; ಜಾರುವ ಚಕ್ರ ಗಿರ್ರನೆ ತಿರುಗುತ್ತಿದ್ದರೆ, ಗಟ್ಟಿ ನೆಲದ ಮೇಲಿರುವ ಚಕ್ರ ಸುಮ್ಮನೆ ನಿಂತಿರುತ್ತದೆ. ಎರಡನ್ನೂ ಒಟ್ಟಿಗೆ ತಿರುಗಿಸುವ ಲಾಕ್ ಇದ್ದರೆ ಈ ಸಂಕಟ ಬಹುಮಟ್ಟಿಗೆ ತಪ್ಪುತ್ತದೆ. ಫೋರ್ ವೀಲ್ ಡ್ರೈವ್ ವಾಹನದಲ್ಲಿ ಮುಂದಿನ ಚಕ್ರಗಳೂ ಎಳೆಯುತ್ತವೆ. ಅದರ ಲೋ ಗೇರು ವೇಗವನ್ನು ತಗ್ಗಿಸಿ ಬಲವನ್ನು ಹೆಚ್ಚಿಸುತ್ತದೆ. ಆದರೆ ಹಲವು ಪಿಕಪ್‌ಗಳಲ್ಲಿ ಈ ಚಾಲನೆಯನ್ನು ಒಣ ಡಾಂಬರಿನ ಮೇಲೆ ಬಳಸಬಾರದು; ಮುಂದಿನ ಹಿಂದಿನ ಅಚ್ಚುಗಳು ಪರಸ್ಪರ ಜಗ್ಗಿ ಯಂತ್ರ ಸವೆಯುತ್ತದೆ.

ಬಲಕ್ಕಿಂತಲೂ ಟೈರು ಮುಖ್ಯವೆಂದು ಹೇಳಿದರೆ ಅತ್ಯುಕ್ತಿಯಲ್ಲ. ಕೆಸರಿಗೆಂದೇ ಮಾಡಿದ ಟೈರಿನ ಉಬ್ಬುಗಳ ನಡುವೆ ಅಗಲವಾದ ತೆರಪಿರುವುದರಿಂದ, ಚಕ್ರ ತಿರುಗಿದಂತೆ ಮಣ್ಣು ಸಿಡಿದು ಹೊರಬೀಳುತ್ತದೆ. ಗಟ್ಟಿ ನೆಲ ಹತ್ತಿರವಿದ್ದಲ್ಲಿ ಬಂಡಿಯಂತೆ ಕಿರಿದಾದ ಟೈರು, ತಳ ಸಿಗದ ಜೇಡಿಯಲ್ಲಿ ತೇಲಿಸಿ ದಾಟಿಸುವ ಅಗಲವಾದ ಟೈರು ಹಿತ. ಗಾಳಿಯನ್ನು ತುಸು ಇಳಿಸಿದರೆ ಟೈರಿನ ಪಾದ ಹಿಗ್ಗುತ್ತದೆ. ಆದರೆ ಡಾಂಬರಿಗೆ ಬಂದೊಡನೆ ತುಂಬಿಸಿಕೊಳ್ಳದಿದ್ದರೆ, ಹೊರೆಯ ಭಾರಕ್ಕೆ ಟೈರು ಕಾದು ಕೆಡುತ್ತದೆ.

ಕೊಳ್ಳುವವನ ಮುಂದಿರುವ ಆಯ್ಕೆಗಳು ಅನೇಕ. ಟಾಟಾ ಏಸ್ ಹಗುರ, ಕಿರಿದಾದ ಓಣಿಗೆ ಹಿತ. ಆದರೆ ಚಕ್ರ ಸಣ್ಣದು, ಒಡಲು ನೆಲಕ್ಕೆ ಹತ್ತಿರ. ಬೊಲೆರೊ ಪಿಕಪ್ ಹೊರೆಗೆ ಗಟ್ಟಿ, ಅದರ ರಿಪೇರಿ ಬಲ್ಲ ಮೇಸ್ತ್ರಿ ಪ್ರತಿ ಊರಿನಲ್ಲಿಯೂ ಸಿಕ್ಕುತ್ತಾನೆ; ಅದರ ಫೋರ್ ವೀಲ್ ಮಾದರಿಯೂ ಉಂಟು. ಆಂಧ್ರದ ಶ್ರೀಸಿಟಿಯಲ್ಲಿ ತಯಾರಾಗುವ ಇಸುಜು ವಿ-ಕ್ರಾಸ್, 2022ರಲ್ಲಿ ನಮ್ಮ ಬಿಡದಿಯಿಂದ ಹೊರಬಂದ ಟೊಯೊಟಾ ಹೈಲಕ್ಸ್ ಕೆಸರಿನಲ್ಲಿ ಸಮರ್ಥವಾದರೂ ಬೆಲೆಯಲ್ಲಿ ದೂರದವು. ವರ್ಷದ ಹತ್ತು ತಿಂಗಳು ಒಣಗಿರುವ ಕೆಮ್ಮಣ್ಣಿನ ದಾರಿಯವನಿಗೆ ಒಳ್ಳೆಯ ಟೈರಿನ ಸಾಧಾರಣ ಪಿಕಪ್ ಸಾಲದೆಂದು ನಾನು ಹೇಳಲಾರೆ. ದಿನವೂ ಕೆರೆಯ ಹಿನ್ನೀರನ್ನು ಬಳಸಿ ಬರಬೇಕಾದವನು ಫೋರ್ ವೀಲನ್ನು ಆಡಂಬರವೆಂದು ತಳ್ಳಿಹಾಕಬಾರದು.

ವಾಹನ ಎಂಥದೇ ಆಗಲಿ, ಚಾಲಕನ ಸಂಯಮವಿಲ್ಲದೆ ಫಲವಿಲ್ಲ. ಖಾಲಿ ಪಿಕಪ್ಪಿನ ಹಿಂಭಾಗ ಹಗುರವಾಗಿ ಚಕ್ರ ಜಾರುತ್ತದೆಂಬುದನ್ನು ಅರಿತು, ಹಿಂದಿನ ಅಚ್ಚಿನ ಮೇಲೆ ಒಂದಿಷ್ಟು ಭಾರವನ್ನಿಡುವವನು ಜಾಣ. ತಗ್ಗಿನ ಗೇರಿನಲ್ಲಿ, ಒಂದೇ ನಡೆಯಲ್ಲಿ, ಮಧ್ಯೆ ನಿಲ್ಲದೆ ದಾಟಬೇಕು; ಸಿಕ್ಕಿಬಿದ್ದ ಮೇಲೆ ಆಕ್ಸಿಲರೇಟರನ್ನು ಅದುಮುವುದೆಂದರೆ ತನ್ನ ಗುಂಡಿಯನ್ನು ತಾನೇ ತೋಡಿಕೊಳ್ಳುವುದು. ಹುಳುಗಳು ಸೊಪ್ಪು ತಿಂದು ಬಿಟ್ಟ ಹಿಪ್ಪುನೇರಳೆಯ ಕಡ್ಡಿಯ ಕಂತೆ ಚಕ್ರದಡಿಗೆ ಬಿದ್ದರೆ, ಎಷ್ಟೋ ವೇಳೆ ಹಗ್ಗವೂ ಟ್ರಾಕ್ಟರೂ ಬೇಕಾಗುವುದಿಲ್ಲ.

ಆದಕಾರಣ ವಾಹನ ಕೊಳ್ಳಲಿರುವವರಲ್ಲಿ ನನ್ನ ವಿನಂತಿ ಒಂದೇ. ಒಳ್ಳೆಯ ಮಳೆ ಹೊಯ್ದ ಮರುದಿನ ಬೆಳಗ್ಗೆ, ತೋಟದಿಂದ ಡಾಂಬರಿನವರೆಗೆ ಬರಿಗಾಲಿನಲ್ಲಿ ನಡೆಯಿರಿ. ದಾರಿಯಲ್ಲಿ ಎಲ್ಲಕ್ಕಿಂತ ಕೆಟ್ಟ ನೂರು ಗಜದಲ್ಲಿ ಒಂದು ಕೋಲನ್ನು ಊರಿ, ಗಟ್ಟಿ ನೆಲ ಎಷ್ಟು ಕೆಳಗೆ ಸಿಕ್ಕಿತೆಂದು ಗುರುತು ಮಾಡಿಕೊಳ್ಳಿ. ಅಂಗಡಿಯಾತ ಕುದುರೆಶಕ್ತಿಯನ್ನು ಹೇಳುವ ಮೊದಲು, ನೀವು ಆ ಕೋಲಿನ ಗುರುತನ್ನು ಅವನ ವಾಹನದ ಒಡಲಿನ ಪಕ್ಕಕ್ಕೆ ಹಿಡಿಯಿರಿ.