ಸೋತ ಆಟವನ್ನೇ ಇನ್ನೊಮ್ಮೆ ನೋಡಿ

ಕಳೆದ ದೀಪಾವಳಿಗೆ ಚಿಕ್ಕಮ್ಮನ ಮನೆಗೆ ಹೋದಾಗ ಅವರ ಮಗನ ಜೊತೆ ‘ಸ್ಟ್ರೀಟ್ ಫೈಟರ್ 6’ ಆಡೋಕೆ ಕೂತೆ. ನಾನು ಆ ಆಟ ಕೊಂಡು ಒಂದು ವರ್ಷದ ಮೇಲಾಗಿತ್ತು. ಎಂಜಿನಿಯರಿಂಗ್ ಎರಡನೇ ವರ್ಷದಲ್ಲಿರುವ ಅವನು ಶುರು ಮಾಡಿ ಬರೀ ಮೂರು ತಿಂಗಳು. ಹತ್ತಕ್ಕೆ ಹತ್ತೂ ಸೋತೆ. “ವಯಸ್ಸಾಯ್ತು ಕಣೋ, ಕೈ ಮೊದಲಿನ ಹಾಗೆ ಓಡಲ್ಲ” ಅಂದೆ. ಮೂವತ್ತಕ್ಕೇ!

ಅವನು ನಕ್ಕ. “ವಯಸ್ಸಲ್ಲ ಅಣ್ಣಾ. ಬಿದ್ದು ಏಳುವಾಗ ಪ್ರತಿ ಸಲ ಶೋರ್ಯುಕೆನ್ ಹೊಡೀತೀಯ. ನಾನು ಬ್ಲಾಕ್ ಮಾಡ್ಕೊಂಡು ಕಾಯ್ತೀನಿ, ಅಷ್ಟೆ.”

ಒಪ್ಪೋಕೆ ಮನಸ್ಸಾಗಲಿಲ್ಲ. ಬೆಂಗಳೂರಿಗೆ ವಾಪಸ್ ಬಂದ ಮೇಲೆ ನಾನು ಆನ್‌ಲೈನ್‌ನಲ್ಲಿ ಸೋತಿದ್ದ ಐದು ಪಂದ್ಯಗಳ ರೀಪ್ಲೇ ಹಾಕಿ, ಪೆನ್ನು ಹಿಡಿದು ಲೆಕ್ಕ ಬರೆದೆ. ನನ್ನ ಕೆನ್ ಬಿದ್ದದ್ದು 14 ಸಲ. ಏಳುತ್ತಲೇ ಶೋರ್ಯುಕೆನ್ ಹೊಡೆದದ್ದು 11 ಸಲ. ಅದು ಗುರಿ ತಪ್ಪಿದರೆ ಕೆಳಗೆ ಬರುವಷ್ಟರಲ್ಲಿ ಎದುರಾಳಿ ಅತಿ ದೊಡ್ಡ ಏಟನ್ನೇ ಕೊಡಬಹುದು. ಕೊಟ್ಟೇ ಕೊಟ್ಟಿದ್ದರು.

ಆಫೀಸಲ್ಲಿ ಬಗ್ ಬಂದರೆ ಪ್ರೋಗ್ರಾಮನ್ನು ನೂರು ಸಲ ಸುಮ್ಮನೆ ಓಡಿಸಿ, ತಾನಾಗೇ ಸರಿಹೋಗಲಿ ಅಂತ ಕಾಯ್ತೀವಾ? ಆ ತಪ್ಪು ಮತ್ತೆ ಬರುವಂತೆ ಮಾಡಿ, ಕಾರಣ ಹಿಡಿದು ತಿದ್ತೀವಿ. ಆಟದಲ್ಲಿ ಮಾತ್ರ ಒಂದು ವರ್ಷ ಸೋಲೋದು, ಸಿಟ್ಟಾಗೋದು, “ಇನ್ನೊಂದು ಆಟ” ಅನ್ನೋದು, ಇಷ್ಟೇ ಮಾಡಿದ್ದೆ.

ಆಮೇಲೆ ಕ್ರಮ ಬದಲಾಯಿಸಿದೆ. ವಾರಕ್ಕೆ ಒಂದೇ ತಪ್ಪು. ಆಡೋಕೆ ಮುಂಚೆ ಹದಿನೈದು ನಿಮಿಷ ಟ್ರೈನಿಂಗ್ ಮೋಡ್. ಅಲ್ಲಿನ ಬೊಂಬೆಗೆ ಬೇರೆ ಬೇರೆ ನಡೆಗಳನ್ನು ರೆಕಾರ್ಡ್ ಮಾಡಿಟ್ಟರೆ, ಅದು ಯಾವುದನ್ನು ಯಾವಾಗ ಮಾಡುತ್ತೆ ಅಂತ ಗೊತ್ತಾಗದ ಹಾಗೆ ಆಡಿಸಬಹುದು. ನಾನು ಏಳುವಾಗ ಅದು ಒಮ್ಮೆ ಒದೆಯಬೇಕು, ಒಮ್ಮೆ ಹಿಡಿದು ಎಸೆಯಬೇಕು, ಒಮ್ಮೆ ಸುಮ್ಮನೆ ನಿಲ್ಲಬೇಕು. ನನ್ನ ಕೆಲಸ ಒಂದೇ: ಶೋರ್ಯುಕೆನ್ ಮುಟ್ಟಬಾರದು. ಆಮೇಲೆ ಐದು ಪಂದ್ಯ. ಅದರಲ್ಲೂ ಸೋಲು ಗೆಲುವಿನ ಲೆಕ್ಕ ಇಲ್ಲ. ಏಳುವಾಗ ಎಷ್ಟು ಸಲ ಸುಮ್ಮನಿದ್ದೆ, ಅದಷ್ಟೇ ಲೆಕ್ಕ.

ವಯಸ್ಸಿನ ನೆಪವೂ ನಿಲ್ಲಲಿಲ್ಲ. ಈ ಆಟದಲ್ಲಿ ಒಂದು ಸೆಕೆಂಡಿಗೆ 60 ಫ್ರೇಮ್. ‘ಡ್ರೈವ್ ಇಂಪ್ಯಾಕ್ಟ್’ ಅನ್ನೋ ಭಾರಿ ಹೊಡೆತ ತಾಗೋಕೆ 26 ಫ್ರೇಮ್ ಬೇಕು, ಅಂದರೆ 0.43 ಸೆಕೆಂಡು. ಕಣ್ಣಿಗೆ ಕಂಡದ್ದಕ್ಕೆ ಬೆರಳು ಅಲುಗೋಕೆ ನಮಗೆ ಸುಮಾರು ಕಾಲು ಸೆಕೆಂಡು ಸಾಕು. ಸಮಯ ಇದೆ, ಗಮನ ಇರಬೇಕು ಅಷ್ಟೆ. ಆದರೆ ಹಿಡಿದು ಎಸೆಯುವ ನಡೆಗೆ ಬರೀ 5 ಫ್ರೇಮ್. ಅದನ್ನು ನೋಡಿ ತಪ್ಪಿಸಿಕೊಳ್ಳೋಕೆ ಹದಿನೆಂಟರ ಹುಡುಗನಿಗೂ ಆಗಲ್ಲ. ಎದುರಾಳಿಯ ಚಾಳಿ ತಿಳಿದು ಊಹಿಸಬೇಕು. ಯಾವುದನ್ನು ನೋಡಿ ಆಡಬೇಕು, ಯಾವುದನ್ನು ಊಹಿಸಬೇಕು ಅಂತ ಗೊತ್ತಾದ ಮೇಲೆ ಅರ್ಧ ಗಾಬರಿ ಹೋಯ್ತು. ಅಂದ ಹಾಗೆ, ಜಪಾನಿನ ಹೆಸರಾಂತ ಆಟಗಾರ ಡೈಗೊ ಉಮೆಹಾರಾ ಹುಟ್ಟಿದ್ದು 1981ರಲ್ಲಿ. ನಲವತ್ತು ದಾಟಿದ ಮೇಲೂ ಸ್ಪರ್ಧೆಗಳಲ್ಲಿ ಆಡುತ್ತಿದ್ದಾರೆ!

ಮೊದಲ ಎರಡು ವಾರ ಇನ್ನೂ ಜಾಸ್ತಿ ಸೋತೆ. ಹಳೇ ಚಾಳಿ ಬಿಟ್ಟಿದ್ದೆ, ಹೊಸದು ಕೈಗೆ ಕೂತಿರಲಿಲ್ಲ. ಬಹಳ ಜನ ಕೈಬಿಡೋದು ಇಲ್ಲೇ ಅನ್ಸುತ್ತೆ. ಮೂರು ಪಂದ್ಯ ಸತತ ಸೋತರೆ ಅವತ್ತಿಗೆ ನಿಲ್ಲಿಸೋದು ಅಂತ ನಿಯಮ ಮಾಡಿಕೊಂಡೆ. ಸಿಟ್ಟಲ್ಲಿ ಆಡಿದರೆ ಅಭ್ಯಾಸ ಆಗೋದು ಸಿಟ್ಟೇ.

ಯುಗಾದಿಗೆ ಮತ್ತೆ ಕೂತೆವು. ಹತ್ತರಲ್ಲಿ ನಾಲ್ಕು ಗೆದ್ದೆ. ಕೊನೇ ಆಟ ಮುಗಿದಾಗ ಹೇಳಿದೆ, “ಮೂಲೆಗೆ ಸಿಕ್ಕಿಕೊಂಡಾಗೆಲ್ಲ ಹಾರ್ತೀಯ ಕಣೋ.”

ಅವನ ನಗು ನಿಂತಿತು. “ಹೌದಾ? ಇನ್ನೊಂದು ಆಟ ಆಡಣ್ಣ, ನೋಡೋಣ.”