ಹಾಡು ಒಂದೇ, ಧಾಟಿ ಎರಡು

ಶುಕ್ರವಾರ ಬಂತೆಂದರೆ ಮೊಬೈಲ್ ತುಂಬ ಹೊಸ ಸಿಂಗಲ್‌ಗಳು. ಒಂದಕ್ಕೆ ‘ಸೋಲ್’ ಎಂಬ ಚೀಟಿ, ಇನ್ನೊಂದಕ್ಕೆ ‘ಇಂಡೀ ರಾಕ್’. ಎರಡನ್ನೂ ಪಕ್ಕಪಕ್ಕ ಇಟ್ಟು ತೂಗುವುದು ಹೇಗೆ? ಹಾಡೂ ಬೇರೆ, ಹಾಡುವವರೂ ಬೇರೆಯಾದರೆ ಕಿವಿಗೆ ಬಿದ್ದ ವ್ಯತ್ಯಾಸ ಶೈಲಿಯದೋ ಹಾಡಿನದೋ ತಿಳಿಯುವುದಿಲ್ಲ. ಒಂದೇ ಹಾಡು ಎರಡೂ ವೇಷದಲ್ಲಿ ಸಿಕ್ಕರೆ ಮಾತ್ರ ಹೋಲಿಕೆ ನ್ಯಾಯವಾದೀತು. ಹಾಗೆ ಸಿಗುವ ಹಾಡು ‘ವ್ಯಾಲೆರಿ’.

ಇಂಗ್ಲೆಂಡಿನ ಲಿವರ್‌ಪೂಲ್‌ನ ‘ದ ಝೂಟನ್ಸ್’ ತಂಡ ಇದನ್ನು ಸಿಂಗಲ್ ಆಗಿ ಹೊರತಂದದ್ದು 2006ರ ಜೂನ್‌ನಲ್ಲಿ. ಹಾಡಿದವರು ತಂಡದ ಡೇವ್ ಮೆಕೇಬ್. ಅಮೆರಿಕದಲ್ಲಿ ಕೋರ್ಟು ಕಚೇರಿಯ ತಾಪತ್ರಯಕ್ಕೆ ಸಿಕ್ಕ ಗೆಳತಿಯ ಯೋಗಕ್ಷೇಮ ಕೇಳಿ, ಒಮ್ಮೆ ಬಂದು ಹೋಗು ಎಂದು ಬರೆದ ಕಾಗದದಂಥ ಹಾಡು. ಬ್ರಿಟನ್ನಿನ ಸಿಂಗಲ್‌ಗಳ ಪಟ್ಟಿಯಲ್ಲಿ ಅದು 9ನೇ ಸ್ಥಾನಕ್ಕೆ ಏರಿತು.

ಮರುವರ್ಷ ನಿರ್ಮಾಪಕ ಮಾರ್ಕ್ ರಾನ್ಸನ್, ಗಿಟಾರ್ ತಂಡಗಳ ಹಾಡುಗಳನ್ನು ಸೋಲ್ ಧಾಟಿಗೆ ಒಗ್ಗಿಸಿ ‘ವರ್ಷನ್’ ಎಂಬ ಆಲ್ಬಮ್ ಮಾಡುತ್ತಿದ್ದರು. ನಿನಗಿಷ್ಟವಾದ ಗಿಟಾರ್ ಹಾಡೊಂದನ್ನು ಹೇಳು ಎಂದಾಗ ಗಾಯಕಿ ಏಮಿ ವೈನ್‌ಹೌಸ್ ಹೆಸರಿಸಿದ್ದು ತಮ್ಮ ಬೀದಿಯ ಪಬ್ಬಿನಲ್ಲಿ ಮೊಳಗುತ್ತಿದ್ದ ‘ವ್ಯಾಲೆರಿ’ಯನ್ನು. ಏಮಿ ಹಾಡಿದ ಆ ರೂಪ 2007ರ ಅಕ್ಟೋಬರ್‌ನಲ್ಲಿ ಬಂದು 2ನೇ ಸ್ಥಾನ ಮುಟ್ಟಿತು.

ಇಯರ್‌ಫೋನ್ ಹಾಕಿಕೊಂಡು ಎರಡನ್ನೂ ಒಂದರ ಹಿಂದೊಂದು ಕೇಳಿ. ಝೂಟನ್ಸ್‌ನಲ್ಲಿ ಹಾಡನ್ನು ಎಳೆದೊಯ್ಯುವುದು ಗಿಟಾರ್. ಪಲ್ಲವಿ ಬಂದಾಗ ಮೆಕೇಬ್ ಗಂಟಲು ಒಡೆಯುವ ಹಾಗೆ ಕೂಗುತ್ತಾರೆ. ಎದುರಿಲ್ಲದವಳನ್ನು ಕರೆಯುವವನಿಗೆ ಕೂಗದೆ ಗತಿಯಿಲ್ಲ. ರಾನ್ಸನ್ ಕೈಯಲ್ಲಿ ಡ್ರಮ್ಮು ಮತ್ತು ಬಾಸ್ ಮುಂದಿನ ಸಾಲಿಗೆ ಬರುತ್ತವೆ, ಗಿಟಾರ್ ತಾಳ ಹಾಕುವವನಂತೆ ಪಕ್ಕಕ್ಕೆ ಸರಿಯುತ್ತದೆ. ವಾದ್ಯಗಳು ಓಡುತ್ತಿದ್ದರೂ ಏಮಿಗೆ ಅವಸರವಿಲ್ಲ. ತಾಳಕ್ಕಿಂತ ಕೂದಲೆಳೆಯಷ್ಟು ಹಿಂದೆ ನಿಂತು, ವ್ಯಾಲೆರಿ ಎಂಬ ಹೆಸರನ್ನು ಪ್ರತಿ ಸಲವೂ ಬೇರೆ ಬೇರೆಯಾಗಿ ಬಳುಕಿಸುತ್ತಾರೆ. ಅಲ್ಲಿ ಹಂಬಲ, ಇಲ್ಲಿ ಸಲುಗೆ.

ಈ ಭೇದದ ಬೇರು ಕೆಲಸದ ಪದ್ಧತಿಯಲ್ಲಿದೆ. ‘ಇಂಡೀ’ ಎಂಬುದು ಮೊದಲಿಗೆ ಒಡೆತನದ ಮಾತು: ದೊಡ್ಡ ಕಂಪನಿಗಳ ಹಂಗಿಲ್ಲದೆ ಸಣ್ಣ ಲೇಬಲ್‌ಗಳು ತರುವ ರೆಕಾರ್ಡು. ಇಂಥವುಗಳಿಗೆಂದೇ ಬ್ರಿಟನ್ನಿನಲ್ಲಿ 1980ರಲ್ಲಿ ಪ್ರತ್ಯೇಕ ಪಟ್ಟಿ ಶುರುವಾಯಿತು. ನಾಲ್ಕೈದು ಗೆಳೆಯರು ಸೇರಿ ತಾವೇ ಬರೆದು, ತಾವೇ ನುಡಿಸಿ, ತಮ್ಮೂರಿನ ಉಚ್ಚಾರದಲ್ಲೇ ಹಾಡುವುದು ವಾಡಿಕೆಯಾಯಿತು. ಹಾಗಾಗಿ ಅಲ್ಲಿ ಒರಟು ದನಿ ದೋಷವಲ್ಲ, ಅದೇ ಸಹಿ.

ಸೋಲ್ ಹುಟ್ಟಿದ್ದು ಕಪ್ಪು ಅಮೆರಿಕನ್ನರ ಚರ್ಚಿನ ಹಾಡುಗಾರಿಕೆ ಹಾಗೂ ರಿದಮ್ ಅಂಡ್ ಬ್ಲೂಸ್ ಬೆರೆತು. 1959ರಲ್ಲಿ ಡೆಟ್ರಾಯಿಟ್‌ನಲ್ಲಿ ಶುರುವಾದ ರೆಕಾರ್ಡ್ ಕಂಪನಿ ಮೋಟೌನ್‌ನಲ್ಲಿ ಬರೆಯುವವರು, ಹಾಡುವವರು ಬಹುಮಟ್ಟಿಗೆ ಬೇರೆ. ಸ್ಟುಡಿಯೊಗೆ ಕಾಯಂ ವಾದ್ಯವೃಂದ. ಯಾರದೋ ಹಾಡನ್ನು ತನ್ನದಾಗಿಸಿಕೊಳ್ಳುವುದೇ ಗಾಯಕಿಯ ಕಸುಬು. ಒಂದೇ ವಚನವನ್ನು ಮಲ್ಲಿಕಾರ್ಜುನ ಮನ್ಸೂರರಲ್ಲೂ ಸುಗಮ ಸಂಗೀತದವರಲ್ಲೂ ಕೇಳಿದ ನಮಗೆ ಇದು ಹೊಸತಲ್ಲ. ಏಮಿ ಹಾಡಿನ ಹೆಸರನ್ನು ಗಂಡಿನ ಹೆಸರಾಗಿ ತಿದ್ದಲಿಲ್ಲ. ಹೆಣ್ಣೊಬ್ಬಳು ಇನ್ನೊಬ್ಬ ಹೆಣ್ಣನ್ನು ಕರೆದಂತಾಗಿ, ಅದೇ ಸಾಹಿತ್ಯಕ್ಕೆ ಗೆಳತಿಯರ ಹರಟೆಯ ರುಚಿ ಬಂತು.

ಏಮಿಯ ಜೊತೆ ನುಡಿಸಿದ್ದು ಬ್ರೂಕ್ಲಿನ್‌ನ ‘ಡ್ಯಾಪ್-ಕಿಂಗ್ಸ್’ ತಂಡ. ರಾನ್ಸನ್ ಹೇಳಿಕೊಂಡಂತೆ, ಮೊದಲು ಹಾಡಿದ್ದು ನಿಧಾನಗತಿಯಲ್ಲಿ. ವಾದ್ಯಗಾರರು ಹೊರಡಲು ಅಣಿಯಾಗುತ್ತಿದ್ದಾಗ, ಇನ್ನೊಂದೇ ಸಲ, ಸ್ವಲ್ಪ ಬಿರುಸಾಗಿ ನುಡಿಸೋಣ ಎಂದು ರಾನ್ಸನ್ ಕೇಳಿಕೊಂಡರು. ಜಗತ್ತಿನ ಕಿವಿಗೆ ಬಿದ್ದದ್ದು ಆ ಬಿರುಸಿನದು.

ಆದ್ದರಿಂದ ಮುಂದಿನ ಶುಕ್ರವಾರ ಹೊಸ ಸಿಂಗಲ್‌ನ ಚೀಟಿ ಓದುವ ಮೊದಲು ಡ್ರಮ್ಮು ಎಲ್ಲಿ ನಿಂತಿದೆ, ದನಿ ತಾಳದ ಮುಂದಿದೆಯೋ ಹಿಂದಿದೆಯೋ ಗಮನಿಸಿ. ಚೀಟಿ ಆಮೇಲೆ ಓದಿದರಾಯಿತು.